ಬೆಂಬಲಿಗನ ಬ್ಯಾಡ್ಜು ಹಾಕಿಕೊಂಡು ಕಾನ್ಸಾಸ್ ಸಿಟಿಗೆ

ಅಮ್ಮನಿಗೆ ಕಾನ್ಫರೆನ್ಸ್‌ಗೆ ಹೋಗ್ತಿದೀನಿ ಅಂದಿದ್ದೆ. ಸುಳ್ಳೇನಲ್ಲ. "ಪೇಪರ್ ಓದ್ತೀಯಾ?" ಅಂತ ಕೇಳಿದರು. ಇಲ್ಲ, ಸುಮ್ನೆ ಕೇಳಿಸ್ಕೊಳ್ಳೋಕೆ ಅಂದೆ. "ಸರ್ಟಿಫಿಕೇಟ್ ಆದ್ರೂ ಕೊಡ್ತಾರೆ ತಾನೆ?" ಅಂದರು. ತಿಪಟೂರಿನ ನಮ್ಮ ಮನೆಯ ಲೆಕ್ಕದಲ್ಲಿ, ಸರ್ಟಿಫಿಕೇಟ್ ಸಿಗದ ಜಾಗಕ್ಕೆ 370 ಕಿಲೋಮೀಟರ್ ಹೋಗುವವನು ದಂಡಪಿಂಡ.

2014ರ ಫೆಬ್ರವರಿ. ನಾನಾಗ ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಎಂ.ಎಸ್. ಮಾಡುತ್ತಿದ್ದೆ. ಕಾನ್ಫರೆನ್ಸಿನ ಹೆಸರು ಗೂಡ್ಸ್ ರೈಲಿನಷ್ಟು ಉದ್ದ: ಮಿಡ್‌ವೆಸ್ಟ್ ಬೈಸೆಕ್ಷುಯಲ್ ಲೆಸ್ಬಿಯನ್ ಗೇ ಟ್ರಾನ್ಸ್‌ಜೆಂಡರ್ ಆ್ಯಂಡ್ ಆಲೈ ಕಾಲೇಜ್ ಕಾನ್ಫರೆನ್ಸ್. ಅಮೆರಿಕದ ನಡುಭಾಗದ ರಾಜ್ಯಗಳ ಕಾಲೇಜುಗಳಲ್ಲಿ ಓದುವ ಲೈಂಗಿಕ ಅಲ್ಪಸಂಖ್ಯಾತರು, ಅವರ ಬೆಂಬಲಿಗರು ವರ್ಷಕ್ಕೊಮ್ಮೆ ಸೇರುವ ಜಾತ್ರೆ ಅದು. 1993ರಿಂದ ನಡೆದುಕೊಂಡು ಬಂದಿದೆ. ಒಂದೊಂದು ವರ್ಷ ಒಂದೊಂದು ಊರು, ಅಲ್ಲಿನ ವಿದ್ಯಾರ್ಥಿಗಳದ್ದೇ ಉಸ್ತುವಾರಿ. 2012ರ ಫೆಬ್ರವರಿಯಲ್ಲಿ ನಮ್ಮ ಏಮ್ಸ್‌ನಲ್ಲೇ ನಡೆದಿತ್ತು. ನಾನು ಸೂಟ್‌ಕೇಸ್ ಎಳೆದುಕೊಂಡು ಬಂದಿಳಿದಿದ್ದು ಅದೇ ಆಗಸ್ಟ್‌ನಲ್ಲಿ. ಆರು ತಿಂಗಳಲ್ಲಿ ತಪ್ಪಿಹೋಗಿತ್ತು.

ನಡುಭಾಗದವರಿಗೆ ಅಂತಲೇ ಬೇರೆ ಜಾತ್ರೆ ಯಾಕೆ ಅಂತ ಕೇಳಬಹುದು. ಸ್ಯಾನ್ ಫ್ರಾನ್ಸಿಸ್ಕೊದವರಿಗೆ ಒಂದು ಬಡಾವಣೆಯೇ ಇದೆ. ಜೋಳದ ಹೊಲಗಳ ಮಧ್ಯೆ ಒಂದು ಚರ್ಚು, ಒಂದು ಪೆಟ್ರೋಲ್ ಬಂಕು ಇರುವ ಊರಿನ ಹುಡುಗನಿಗೆ ಏನಿದೆ? ತನ್ನಂಥ ಇನ್ನೊಬ್ಬನನ್ನು ಅವನು ನೋಡಿರುವುದು ಟಿವಿಯಲ್ಲಿ ಮಾತ್ರ. ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಬೆಂಗಳೂರಲ್ಲಿ 'ಗುಡ್ ಆ್ಯಸ್ ಯು' ಅನ್ನುವ ಗುಂಪು 1994ರಿಂದಲೇ ಸೇರುತ್ತಿತ್ತು. 2008ರಿಂದ ಪ್ರೈಡ್ ನಡಿಗೆಯೂ ಇತ್ತು. ತಿಪಟೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಎರಡೂವರೆ ಗಂಟೆ. ಆ ಎರಡೂ ಇದ್ದವು ಅಂತ ನನಗೆ ಗೊತ್ತಾಗಿದ್ದು ಮಾತ್ರ ಏಮ್ಸ್‌ಗೆ ಬಂದ ಮೇಲೆ.

ಶುಕ್ರವಾರ, 7ನೇ ತಾರೀಕು, ಬೆಳಿಗ್ಗೆ ವ್ಯಾನ್ ಹೊರಟಿತು. ಹನ್ನೊಂದು ಜನ, ಎರಡು ಗಿಟಾರು, ಮೂರು ಕ್ರೇಟ್ ನೀರು. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ಒಳಗೆ ಹೀಟರ್ ಎರಡೇ ಥರ ಕೆಲಸ ಮಾಡುತ್ತಿತ್ತು: ಒಂದೋ ಬೇಯಿಸುತ್ತಿತ್ತು, ಇಲ್ಲವೇ ನಿಂತೇ ಹೋಗುತ್ತಿತ್ತು. 35ನೇ ಹೆದ್ದಾರಿ ದಕ್ಷಿಣಕ್ಕೆ ನೆಟ್ಟಗೆ ಹೋಗುತ್ತದೆ, ತಿರುವು ಅನ್ನುವುದೇ ಇಲ್ಲ. ಎರಡೂ ಕಡೆ ಕೊಯ್ಲು ಮುಗಿದ ಹೊಲ, ಹಿಮದಿಂದ ಇಣುಕುವ ಜೋಳದ ಕೂಳೆ. ಅರ್ಧ ಗಂಟೆ ನೋಡಿದರೆ ಸಾಕು, ಕಣ್ಣು ಎಳೆಯುತ್ತದೆ.

ಲಮೋನಿ ಅನ್ನುವ ಊರು ದಾಟಿದರೆ ಅಯೋವಾ ಮುಗಿದು ಮಿಸ್ಸೌರಿ ಶುರು. ಸ್ವಾಗತದ ಫಲಕ ಬಂದಾಗ ಮುಂದಿನ ಸೀಟಿನ ಹುಡುಗಿ ಕೈ ಎತ್ತಿ ಕೂಗಿದಳು: "ಅಭಿನಂದನೆಗಳು, ನಿಮ್ಮೆಲ್ಲರ ಮದುವೆ ರದ್ದಾಯ್ತು!" ವ್ಯಾನಿಗೆ ವ್ಯಾನೇ ನಕ್ಕಿತು. ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಅಯೋವಾದಲ್ಲಿ 2009ರ ಏಪ್ರಿಲ್‌ನಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ಒಮ್ಮತದಿಂದ ಗಂಡು ಗಂಡಿನ, ಹೆಣ್ಣು ಹೆಣ್ಣಿನ ಮದುವೆಗೆ ಒಪ್ಪಿಗೆ ಕೊಟ್ಟಿತ್ತು. (ಮರುವರ್ಷದ ನವೆಂಬರಿನಲ್ಲಿ ಜನ ವೋಟು ಹಾಕಿ ಆ ಪೀಠದ ಮೂವರು ನ್ಯಾಯಮೂರ್ತಿಗಳನ್ನು ಮನೆಗೆ ಕಳಿಸಿದರು, ಅದು ಬೇರೆ ಮಾತು.) ಮಿಸ್ಸೌರಿಯವರು 2004ರಲ್ಲೇ ಜನಮತ ತೆಗೆದುಕೊಂಡು, ಮದುವೆ ಅಂದರೆ ಗಂಡು ಹೆಣ್ಣಿನದು ಮಾತ್ರ ಅಂತ ಸಂವಿಧಾನಕ್ಕೇ ಸೇರಿಸಿದ್ದರು. ಹಿಮ ಅದೇ, ಕೂಳೆಯೂ ಅದೇ. ಕಾನೂನು ಮಾತ್ರ ಬೇರೆ.

ನಾನೂ ನಕ್ಕೆ, ಎಲ್ಲರಿಗಿಂತ ಸ್ವಲ್ಪ ತಡವಾಗಿ. ಬರೀ ಎರಡು ತಿಂಗಳ ಹಿಂದೆ, ಡಿಸೆಂಬರ್ 11ಕ್ಕೆ, ನಮ್ಮ ಸುಪ್ರೀಂ ಕೋರ್ಟು, ಇಂಥ ಸಂಬಂಧವನ್ನು ಅಪರಾಧ ಅನ್ನುವ 377ನೇ ಕಲಮನ್ನು ಮತ್ತೆ ಎಬ್ಬಿಸಿ ಕೂರಿಸಿತ್ತು. 2009ರಲ್ಲಿ ದಿಲ್ಲಿ ಹೈಕೋರ್ಟ್ ಕೊಟ್ಟಿದ್ದನ್ನು ಕಿತ್ತುಕೊಂಡಿತ್ತು. ಅವತ್ತು ಲೈಬ್ರರಿಯಲ್ಲಿ ಕೂತು ತೀರ್ಪು ಓದಿದ್ದೆ. ಪರೀಕ್ಷೆ ಹತ್ತಿರವಿತ್ತು, ಓದಬೇಕಿದ್ದದ್ದು ಬೇರೆ. ಲೈಂಗಿಕ ಅಲ್ಪಸಂಖ್ಯಾತರು ದೇಶದ ಜನಸಂಖ್ಯೆಯ ಅತಿ ಸಣ್ಣ ಪಾಲು, ನೂರೈವತ್ತು ವರ್ಷಗಳಲ್ಲಿ ಈ ಕಲಮಿನಡಿ ಕೇಸು ನಡೆದಿರುವುದು ಇನ್ನೂರು ಜನರ ಮೇಲೂ ಇಲ್ಲ ಎಂಬ ಅರ್ಥದ ಮಾತು ಅದರಲ್ಲಿತ್ತು. ಇನ್ನೂರಕ್ಕಿಂತ ಕಡಿಮೆ ಅಂದರೆ ನಮ್ಮೂರಿನ ಒಂದು ಮದುವೆಯ ಮೊದಲನೇ ಪಂಕ್ತಿ. ಅಷ್ಟು ಜನ ತಾನೆ, ಬಿಡಿ, ಅನ್ನುವ ಧಾಟಿ.

ಕಾನ್ಸಾಸ್ ಸಿಟಿ ಹೆಸರಿಗೆ ಕಾನ್ಸಾಸು, ಊರಿನ ಬಹುಪಾಲು ಇರುವುದು ಮಿಸ್ಸೌರಿಯಲ್ಲಿ. ಸ್ಟೇಟ್ ಲೈನ್ ರೋಡ್ ಅಂತಲೇ ಒಂದು ರಸ್ತೆ ಇದೆ. ಈ ಬದಿಯ ಮನೆ ಒಂದು ರಾಜ್ಯ, ಎದುರು ಮನೆ ಇನ್ನೊಂದು. ಮಂಗಳವಾರ ಸುರಿದ ಹಿಮವನ್ನು ಫುಟ್‌ಪಾತ್ ಅಂಚಿಗೆ ಸೊಂಟದೆತ್ತರ ಗುಡ್ಡೆ ಹಾಕಿದ್ದರು. ಕಾರಂಜಿಗಳ ನಗರ ಅಂತ ಹೆಸರುವಾಸಿ, ಆದರೆ ಆ ಚಳಿಗೆ ಒಂದರಲ್ಲೂ ನೀರಿರಲಿಲ್ಲ.

ನೋಂದಣಿ ಮೇಜಿನ ಮುಂದೆ ಉದ್ದ ಸಾಲು. ಕೊರಳಿಗೆ ಬ್ಯಾಡ್ಜು ಕೊಟ್ಟು ಪಕ್ಕದ ಬುಟ್ಟಿ ತೋರಿಸಿದರು. ಅದರ ತುಂಬ ಬಣ್ಣಬಣ್ಣದ ಸ್ಟಿಕ್ಕರ್. ನಿಮ್ಮನ್ನು 'ಹೀ' ಅನ್ನಬೇಕೋ, 'ಶೀ' ಅನ್ನಬೇಕೋ, 'ದೇ' ಅನ್ನಬೇಕೋ, ಅದಕ್ಕೊಂದು. ನೀವು ಯಾರು ಅನ್ನುವುದಕ್ಕೆ ಇನ್ನೊಂದು, ಬೇಕಾದರೆ ಮಾತ್ರ. ಒಬ್ಬರನ್ನು 'ದೇ' ಅನ್ನುವುದು ಹೇಗೆ ಅಂತ ನಮ್ಮ ವ್ಯಾನಿನ ಇಬ್ಬರು ದಾರಿಯುದ್ದಕ್ಕೂ ಜಗಳ ಆಡಿದ್ದರು. ನನಗೆ ನಮ್ಮಜ್ಜಿ ನೆನಪಾದರು. ಅವರ ಬಾಯಲ್ಲಿ ಮೇಷ್ಟ್ರೂ 'ಅವರು', ನರ್ಸಮ್ಮನೂ 'ಅವರು', 'ಬಂದರು', 'ಹೋದರು'. ಗಂಡೋ ಹೆಣ್ಣೋ ಅನ್ನುವುದು ಆ 'ರು'ವಿನಲ್ಲಿ ಗೊತ್ತೇ ಆಗುವುದಿಲ್ಲ. ಮರ್ಯಾದೆ ಕೊಟ್ಟರೆ ಸಾಕು, ಕನ್ನಡದಲ್ಲಿ ಈ ತಾಪತ್ರಯ ಅರ್ಧ ಮುಗಿಯಿತು. ಉಳಿದರ್ಧ ಮರ್ಯಾದೆ ಕೊಡುವುದರಲ್ಲಿದೆ, ಅಲ್ವಾ?

ನಾನು ಆರಿಸಿಕೊಂಡದ್ದು ಹಸಿರು ಸ್ಟಿಕ್ಕರ್. 'ಆಲೈ'. ಅಂದರೆ ಬೆಂಬಲಿಗ: ತಾನು ಅವರಲ್ಲೊಬ್ಬ ಅಲ್ಲ, ಆದರೆ ಅವರ ಜೊತೆ ನಿಲ್ಲುವವನು. ಒಳ್ಳೆಯ ಮಾತು. ನನ್ನ ವಿಷಯದಲ್ಲಿ ಪೂರ್ತಿ ಸುಳ್ಳು. ಮಳೆ ಬಂದಾಗ ಅಂಗಡಿ ಜಗುಲಿ ಮೇಲೆ ನಿಲ್ಲುತ್ತೇವಲ್ಲ, ಹಾಗೆ ಆ ಪದದ ಕೆಳಗೆ ನಿಂತಿದ್ದೆ. ಅಂಗಡಿಗೆ ಬಂದವರು ಅಂದುಕೊಳ್ಳಲಿ, ರಸ್ತೆಯಲ್ಲಿ ಹೋಗುವವರು ಅಂದುಕೊಳ್ಳಲಿ, ಎರಡಕ್ಕೂ ಉತ್ತರ ಇರುತ್ತದೆ.

ಸಭಾಂಗಣದ ಬಾಗಿಲಲ್ಲಿ ನಿಂತು ಒಳಗೆ ನೋಡಿದೆ. ಸಾವಿರಕ್ಕೂ ಜಾಸ್ತಿ ಜನ. ನೀಲಿ ಕೂದಲು, ಬೋಳು ತಲೆ, ಸೂಟು, ಹಿಜಾಬು, ಗಾಲಿಕುರ್ಚಿ, ರೈತರ ಟೋಪಿ. ಹೋರಾಟಗಾರ್ತಿ ಏಂಜೆಲಾ ಡೇವಿಸ್, ಹಾಸ್ಯ ಕಲಾವಿದೆ ಮಾರ್ಗರೆಟ್ ಚೋ ಅಂಥವರೆಲ್ಲ ಈ ಸಮಾವೇಶಕ್ಕೆ ಬಂದು ಹೋಗಿದ್ದಾರೆ. ದೊಡ್ಡ ಭಾಷಣಗಳು ಚೆನ್ನಾಗಿದ್ದವು, ಚಪ್ಪಾಳೆ ಹೊಡೆದೆ, ಈಗ ಒಂದು ವಾಕ್ಯವೂ ನೆನಪಿಲ್ಲ. ನೆನಪಿರುವುದು ಆ ತಲೆಗಳು. ಅತಿ ಸಣ್ಣ ಪಾಲು ಅಂದರೆ ಇಷ್ಟು ಜನ ಆಗ್ತಾರಾ ಅಂತ ಸಾಲು ಸಾಲಾಗಿ ಎಣಿಸಲು ಹೋಗಿ, ಮುನ್ನೂರರ ಹತ್ತಿರ ಲೆಕ್ಕ ತಪ್ಪಿತು.

ಕಾರ್ಯಾಗಾರಗಳಲ್ಲಿ ಕೆಲವು ಉಪಯೋಗದವು. ಹಾಸ್ಟೆಲ್ ರೂಮ್‌ಮೇಟ್‌ಗೆ ಹೇಳುವುದು ಹೇಗೆ, ಮನೆಯವರು ಫೀಸು ನಿಲ್ಲಿಸಿದರೆ ಯಾರನ್ನು ಕೇಳಬೇಕು, ಹೆಸರು ಬದಲಾಯಿಸಿದರೆ ಅಂಕಪಟ್ಟಿಯಲ್ಲಿ ಏನು ಮಾಡಬೇಕು. ಫೀಸಿನ ಕೋಣೆಯಲ್ಲಿ ಕೂರಲು ಕುರ್ಚಿ ಸಾಲಲಿಲ್ಲ. ಇನ್ನು ಕೆಲವು ಬರೀ ಮಾತು. ಪದಗಳ ಮೇಲೆ ಪದ ಪೇರಿಸಿ ನನಗೆ ತೂಕಡಿಕೆ ತಂದವು.

ಶನಿವಾರ ಊಟದ ಹೊತ್ತಿಗೆ ದಕ್ಷಿಣ ಏಷ್ಯಾದವರೆಲ್ಲ ಹೇಗೋ ಒಂದು ಮೇಜಿಗೆ ಬಂದು ಸೇರಿದೆವು. ಆರು ಜನ. ನನ್ನ ಪಕ್ಕ ನೆಬ್ರಾಸ್ಕಾದ ಹುಡುಗಿ, ಅಲ್ಲೇ ಹುಟ್ಟಿದವಳು. ಅಪ್ಪ ಅಮ್ಮ ಮೈಸೂರಿನವರು. ನನ್ನ ಬ್ಯಾಡ್ಜಿನ ಹೆಸರು ನೋಡಿ "ಕನ್ನಡ?" ಅಂದಳು. ಅವಳ ಹತ್ತಿರ ಇದ್ದ ಕನ್ನಡ ಎರಡೇ ಥರದ್ದು: ಊಟದ್ದು, ಬೈಗುಳದ್ದು. ಹುಳಿ, ತೊವ್ವೆ, ಹಪ್ಪಳ. ಕತ್ತೆ, ಮಂಗ, ಬಾಯ್ಮುಚ್ಚು.

ಅಪ್ಪ ಅಮ್ಮ ಇಬ್ಬರಿಗೂ ತನ್ನ ವಿಷಯ ಇಂಗ್ಲಿಷಿನಲ್ಲಿ ಹೇಳಿ ಆಗಿದೆಯಂತೆ. ಅತ್ತು ಮುಗಿದಿದೆಯಂತೆ. ಉಳಿದಿರುವುದು ಮೈಸೂರಿನ ಅಜ್ಜಿ. ಬೇಸಿಗೆಗೆ ಹೋಗುತ್ತಾಳೆ. "ಅಜ್ಜಿಗೆ ಇಂಗ್ಲಿಷ್ ಬರಲ್ಲ. ಕನ್ನಡದಲ್ಲಿ ಇದಕ್ಕೆ ಏನಂತಾರೆ?"

ನಾನು 'ಸಲಿಂಗಿ' ಅಂದೆ. ಹೇಳಿದ ಕೂಡಲೇ ನನಗೇ ಸರಿ ಅನ್ನಿಸಲಿಲ್ಲ. ಪೇಪರಿನಲ್ಲಿ ಬರೆಯುವ ಪದ, ಅಡುಗೆಮನೆಯಲ್ಲಿ ಆಡುವ ಪದ ಅಲ್ಲ. ಅಜ್ಜಿ ಇದು ಯಾವುದೋ ಶಿವನ ಹೆಸರು ಅಂದುಕೊಂಡಾರು. ಸ್ವಲ್ಪ ಹೊತ್ತು ಯೋಚಿಸಿ, "ಸುಮ್ನೆ ಹೀಗನ್ನು: ನಂಗೆ ಹುಡುಗಿ ಇಷ್ಟ" ಅಂದೆ.

ಅವಳು ನಾಲ್ಕೈದು ಸಲ ಹೇಳಿ ನೋಡಿದಳು. 'ಷ್ಟ' ಅವಳ ಬಾಯಲ್ಲಿ 'ಸ್ಟ' ಆಗುತ್ತಿತ್ತು. ಪೇಪರ್ ನ್ಯಾಪ್‌ಕಿನ್ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಳು. ಆಮೇಲೆ ತಲೆ ಎತ್ತಿ ಕೇಳಿದಳು, "ಹುಡುಗ ಹೇಳೋದಾದ್ರೆ ಬದಲಾಗುತ್ತಾ?"

"ನಂಗೆ ಅನ್ನೋದು ಬದಲಾಗಲ್ಲ. ಹುಡುಗಿ ಬದಲು ಹುಡುಗ ಅನ್ಬೇಕು. ನಂಗೆ ಹುಡುಗ ಇಷ್ಟ."

ಇಪ್ಪತ್ತನಾಲ್ಕು ವರ್ಷದಲ್ಲಿ ಆ ಮೂರು ಪದಗಳನ್ನು ಆ ಕ್ರಮದಲ್ಲಿ ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ವ್ಯಾಕರಣದ ಉದಾಹರಣೆಯಾಗಿ. ಎದೆ ಡಬಡಬ ಹೊಡೆದುಕೊಳ್ಳುತ್ತಿತ್ತು. ಅವಳು ನನ್ನ ಹಸಿರು ಸ್ಟಿಕ್ಕರ್ ಕಡೆ ಒಮ್ಮೆ ನೋಡಿದಳು. ಏನೂ ಕೇಳಲಿಲ್ಲ. ತನ್ನ ತಟ್ಟೆಯ ಕೇಕಿನಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಇಟ್ಟಳು.

ಆ ಸಂಜೆ ಉಳಿದವರು ಡ್ರ್ಯಾಗ್ ಶೋಗೆ ತಯಾರಾಗುತ್ತಿದ್ದಾಗ ನಾನೊಬ್ಬನೇ ಡೌನ್‌ಟೌನಿನಲ್ಲಿ ಒಂದು ಸುತ್ತು ಹೋದೆ. ಬೆಳಿಗ್ಗೆ ಒಂದು ಕೋಣೆಯಲ್ಲಿ ಈ ಊರಿನ ಕತೆ ಹೇಳಿದ್ದರು. 1966ರ ಫೆಬ್ರವರಿಯಲ್ಲಿ ದೇಶದ ಬೇರೆಬೇರೆ ಮೂಲೆಗಳ ಸಲಿಂಗಿ ಸಂಘಟನೆಗಳ ಸುಮಾರು 40 ಮಂದಿ ಮೊದಲ ಬಾರಿಗೆ ಒಂದೆಡೆ ಕೂತಿದ್ದು ಇಲ್ಲಿ, ಸ್ಟೇಟ್ ಹೋಟೆಲಿನಲ್ಲಿ. ನ್ಯೂಯಾರ್ಕಿನ ಸ್ಟೋನ್‌ವಾಲ್ ಬಾರಿನಲ್ಲಿ ಸಲಿಂಗಿಗಳು ಪೊಲೀಸರ ಮೇಲೆ ತಿರುಗಿಬಿದ್ದ ಆ ಹೆಸರಾಂತ ಗಲಾಟೆಗೆ ಮೂರು ವರ್ಷ ಮುಂಚೆ. ಈ ಊರೇ ಯಾಕೆ ಅಂದರೆ, ಎರಡೂ ಕರಾವಳಿಯವರಿಗೆ ಸರಿಯಾಗಿ ಮಧ್ಯ. ಅದೇ ವರ್ಷ ಡ್ರೂ ಶೇಫರ್ ಅನ್ನುವ ಇಲ್ಲಿನ ಯುವಕ ಫೀನಿಕ್ಸ್ ಸೊಸೈಟಿ ಅಂತ ಒಂದು ಸಂಘ ಕಟ್ಟಿದ. ಅವನ ತಾಯಿ ಫಿಲಿಸ್ ಮಗನ ಜೊತೆ ನಿಂತರು. 'ಆಲೈ' ಅನ್ನುವ ಪದ ಸ್ಟಿಕ್ಕರಿಗೆ ಬರುವ ಎಷ್ಟೋ ಮೊದಲು ಆಕೆ ಆ ಕೆಲಸ ಮಾಡಿದ್ದರು. ಅವರ ಬಗ್ಗೆ ಕೇಳುವಾಗ ನಾನು ನನ್ನ ಸ್ಟಿಕ್ಕರನ್ನು ಅಂಗೈಯಿಂದ ಮುಚ್ಚಿಕೊಂಡಿದ್ದೆ.

ಹೋಟೆಲ್ ಈಗಿಲ್ಲ, ಕೆಡವಿದ್ದಾರೆ. ಹತ್ತಿರದ ಬಾರ್ನಿ ಆ್ಯಲಿಸ್ ಪ್ಲಾಜಾದಲ್ಲಿ ನೆನಪಿನ ಫಲಕ ಬಂದಿದ್ದು 2016ರಲ್ಲಿ, ನಾನು ಹೋಗಿ ಬಂದ ಎರಡು ವರ್ಷಕ್ಕೆ. ಹಾಗಾಗಿ ಅವತ್ತು ನೋಡಲು ಏನೂ ಇರಲಿಲ್ಲ. ಖಾಲಿ ಬೀದಿ, ಟ್ರಾಫಿಕ್ ದೀಪ, ಹಿಮದ ಗುಡ್ಡೆ. 40 ಜನ. ಅವರಿಗೂ ಯಾರೋ ಅತಿ ಸಣ್ಣ ಪಾಲು ಅಂದಿರುತ್ತಾರೆ. ಐದು ನಿಮಿಷ ನಿಂತು, ಕಿವಿ ಮರಗಟ್ಟಿದ ಮೇಲೆ ವಾಪಸ್ ಬಂದೆ.

ಭಾನುವಾರ ಸಮಾವೇಶ ಮುಗಿಯಿತು. ಕಾನ್ಸಾಸ್ ಸಿಟಿಗೆ ಬಂದು ಬಾರ್ಬೆಕ್ಯೂ ತಿನ್ನದೆ ಹೋಗುವುದುಂಟೇ ಅಂತ ಎಲ್ಲರೂ ಹಟ ಹಿಡಿದರು. ಹೊಗೆ, ಮರದ ಬೆಂಚು, ಹೊರಗೆ ಒಂದು ಗಂಟೆ ಕ್ಯೂ. ನಾನು ಸಸ್ಯಾಹಾರಿ. ಬೀನ್ಸ್ ತಗೋ, ಬರೀ ಕಾಳು ಅಂದರು. ಮೂರನೇ ಚಮಚದಲ್ಲಿ ಕಾಳಲ್ಲದ್ದು ಏನೋ ಹಲ್ಲಿಗೆ ಸಿಕ್ಕಿತು. ಮಾಂಸದ ಸುಟ್ಟ ತುಂಡುಗಳನ್ನು ಬೀನ್ಸ್‌ಗೆ ಹಾಕುವುದು ಇಲ್ಲಿನ ಪದ್ಧತಿಯಂತೆ, ಅದೇ ಇದರ ಹೆಚ್ಚುಗಾರಿಕೆಯಂತೆ. ಬ್ರೆಡ್ಡು, ಉಪ್ಪಿನಕಾಯಿ ತಿಂದು ಎದ್ದೆ. ಅಮ್ಮನಿಗೆ ಹೇಳಬಾರದ ವಿಷಯಗಳ ಪಟ್ಟಿಗೆ ಇದೂ ಒಂದು ಸೇರಿತು. ಇದನ್ನು ಹೇಳುವುದೇ ಜಾಸ್ತಿ ಕಷ್ಟವೇನೋ.

ಹೊರಟಾಗ ಐದೂವರೆ, ಕತ್ತಲಾಗುತ್ತಿತ್ತು. ಏಳು ದಾಟಿದ ಮೇಲೆ ಲಮೋನಿ ಹತ್ತಿರ, ಅಯೋವಾ ಗಡಿಯೊಳಗೆ, ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ನಾನು, ಗಿಟಾರಿನವನು, ಇನ್ನಿಬ್ಬರು ಒಳಗೆ ಕಾಫಿ ತುಂಬಿಸಿಕೊಳ್ಳುತ್ತಿದ್ದೆವು. ಹೊರಗೆ ವ್ಯಾನಿನಿಂದ ಕಿರುಚಾಟ ಕೇಳಿಸಿತು. ಏನೋ ಅನಾಹುತ ಅಂತ ಓಡಿದರೆ, ಎಲ್ಲರೂ ಒಂದೇ ಫೋನಿನ ಮೇಲೆ ಬಗ್ಗಿದ್ದರು. ಮೈಕೆಲ್ ಸ್ಯಾಮ್, ಮಿಸ್ಸೌರಿ ವಿಶ್ವವಿದ್ಯಾಲಯದ (ಅಮೆರಿಕನ್) ಫುಟ್‌ಬಾಲ್ ಆಟಗಾರ, ತಾನು ಗೇ ಅಂತ ಆಗಷ್ಟೇ ಬಹಿರಂಗವಾಗಿ ಹೇಳಿದ್ದ. ಆ ಬೇಸಿಗೆಯಲ್ಲಿ ಎನ್‌ಎಫ್‌ಎಲ್, ಅಂದರೆ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್, ಸೇರಲು ಕಾದಿದ್ದ ದೊಡ್ಡ ಆಟಗಾರ. ತಂಡದವರಿಗೆ ಹಿಂದಿನ ಆಗಸ್ಟಿನಲ್ಲೇ ಹೇಳಿದ್ದನಂತೆ. ಅಷ್ಟೂ ತಿಂಗಳು, ಒಂದಿಡೀ ಸೀಸನ್, ಅಷ್ಟು ಜನ ಹುಡುಗರು ಹೊರಗೆ ಗುಟ್ಟು ಬಿಟ್ಟಿರಲಿಲ್ಲ.

(ಅದೇ ವಾರ, 12ನೇ ತಾರೀಕು, ಪಕ್ಕದ ಕಾನ್ಸಾಸಿನ ಕೆಳಮನೆ ಒಂದು ಮಸೂದೆ ಪಾಸು ಮಾಡಿತು: ಧರ್ಮದ ಕಾರಣ ಕೊಟ್ಟು ಸಲಿಂಗಿ ಜೋಡಿಗಳಿಗೆ ಸೇವೆ ನಿರಾಕರಿಸಬಹುದು ಅಂತ. ಮೇಲ್ಮನೆಯಲ್ಲಿ ಅದು ಅಲ್ಲಿಗೇ ಸತ್ತಿತು. ಆದರೆ ಭಾನುವಾರ ರಾತ್ರಿ ನಮಗೆ ಇದೊಂದೂ ಗೊತ್ತಿರಲಿಲ್ಲ.)

ಗಿಟಾರಿನವನು ಹಿಮದ ಮೇಲೆ ಕುಣಿದು, ಜಾರಿ, ಕೂತಲ್ಲೇ ನಗುತ್ತಿದ್ದ. ಕಾಫಿಯ ದುಡ್ಡು ಕೊಟ್ಟಿರಲಿಲ್ಲ ಅಂತ ನೆನಪಾಗಿ ನಾನು ಒಳಗೆ ಹೋದೆ. ಕೌಂಟರಿನಲ್ಲಿ ಅರವತ್ತು ದಾಟಿದವರು, ಬೀಜ ಕಂಪನಿಯ ಟೋಪಿ. ಕಿಟಕಿಯಾಚೆ ನೋಡುತ್ತಾ ಚಿಲ್ಲರೆ ಎಣಿಸಿದರು. ನನ್ನ ಕೊರಳಲ್ಲಿ ಬ್ಯಾಡ್ಜು ಇನ್ನೂ ನೇತಾಡುತ್ತಿತ್ತು.

"ಏನಪ್ಪಾ ಅಷ್ಟೊಂದು ಗಲಾಟೆ?"

"ಫುಟ್‌ಬಾಲ್," ಅಂದೆ.

"ಈಗ್ಯಾವ ಮ್ಯಾಚು? ಸೀಸನ್ ಮುಗೀತಲ್ಲ. ಯಾರು ಗೆದ್ದಿದ್ದು?"

"ಮಿಸ್ಸೌರಿ," ಅಂದು ಚಿಲ್ಲರೆ ಜೇಬಿಗೆ ಹಾಕಿಕೊಂಡೆ.