ತೆಪ್ಪದ ಮೇಲಿದ್ದವನ ಮನೆಯವರು

ಶುಕ್ರವಾರ ರಾತ್ರಿ ಅಂದ್ರೆ ನಮ್ಮ ಮನೆಯಲ್ಲಿ ಸಿನಿಮಾ. ಮಕ್ಕಳೇ ಮಾಡಿಕೊಂಡಿರುವ ಪದ್ಧತಿ ಇದು. ಹೋದ ಬೇಸಿಗೆಯಲ್ಲಿ ಅಮ್ಮ ತಿಪಟೂರು ಕಡೆಯ ನಮ್ಮ ಊರಿಂದ ಬಂದು ಕೆಲವು ತಿಂಗಳು ನಮ್ಮ ಜೊತೆ ಇದ್ದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಹಾಗಾಗಿ ಸೋಫಾದಲ್ಲಿ ಅವಳ ಪಕ್ಕ ಕೂತು ಮಾತುಮಾತಿಗೂ ಕನ್ನಡದಲ್ಲಿ ಹೇಳುವ ಕೆಲಸ ನನ್ನದು.

ನಾವಿರುವುದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಮಿಸಿಸಿಪ್ಪಿ ನದಿ ಮನೆಯಿಂದ ಅರ್ಧ ಗಂಟೆಯ ದಾರಿ. ಆ ವಾರ ಮಗ ಆರಿಸಿದ ಸಿನಿಮಾದಲ್ಲೂ ಅದೇ ನದಿ. ಡಿಸ್ನಿಯವರು 1993ರಲ್ಲಿ ತೆಗೆದ 'ದಿ ಅಡ್ವೆಂಚರ್ಸ್ ಆಫ್ ಹಕ್ ಫಿನ್'. ಮಾರ್ಕ್ ಟ್ವೈನ್ ಕಾದಂಬರಿಯ ಕತೆ. ಕುಡುಕ ಅಪ್ಪನಿಂದ ತಪ್ಪಿಸಿಕೊಂಡ ಹುಡುಗ ಹಕ್. ಒಡತಿಯ ಮನೆಯಿಂದ ಓಡಿಹೋದ ಜಿಮ್. ಇಬ್ಬರೂ ಒಂದು ತೆಪ್ಪ ಹತ್ತಿ ನದಿಯಲ್ಲಿ ಹೋಗುತ್ತಾರೆ. ಹಕ್ ಆಗಿರುವುದು ಎಲೈಜಾ ವುಡ್, ಜಿಮ್ ಆಗಿರುವುದು ಕರ್ಟ್ನಿ ಬಿ. ವ್ಯಾನ್ಸ್. ಡ್ಯೂಕ್ ಎಂಬ ಮೋಸಗಾರ ತೆರೆಗೆ ಬಂದ ಕೂಡಲೇ ಮಗಳು "ಹ್ಯಾಗ್ರಿಡ್!" ಅಂತ ಕೂಗಿದಳು. ಹೌದು, ಹ್ಯಾರಿ ಪಾಟರ್‌ನ ಹ್ಯಾಗ್ರಿಡ್, ರಾಬಿ ಕೋಲ್ಟ್ರೇನ್.

ಮೊದಲ ತೊಡಕು ಬಂದದ್ದು ಒಂದೇ ಒಂದು ಪದದಲ್ಲಿ. ಜಿಮ್ ಯಾರು ಅಂತ ಅಮ್ಮ ಕೇಳಿದಳು. 'ಗುಲಾಮ' ಅಂದೆ. ಅವಳಿಗೆ ಗುಲಾಮ ಅಂದರೆ ಇಸ್ಪೀಟಿನ ಎಲೆ. ರಾಣಿ, ರಾಜ, ಗುಲಾಮ. ನಾನು ಬಿಡಿಸಿ ಹೇಳಿದೆ. ದುಡಿಸಿಕೊಳ್ಳುತ್ತಾರೆ, ಸಂಬಳ ಇಲ್ಲ, ಬಿಟ್ಟು ಹೋಗುವ ಹಾಗಿಲ್ಲ.

"ಜೀತದಾಳು ಅನ್ನು ಮತ್ತೆ" ಅಂದಳು ಅಮ್ಮ.

ಪೂರ್ತಿ ಒಂದೇ ಅಲ್ಲ ಅಮ್ಮ, ಅಂದೆ. ಇಲ್ಲಿ ಸಾಲದ ಲೆಕ್ಕವೂ ಇರಲಿಲ್ಲ. ಮನುಷ್ಯನೇ ಆಸ್ತಿ. ಎತ್ತು ಮಾರಿದ ಹಾಗೆ ಮಾರಬಹುದಿತ್ತು. ತಾಯಿ ಗುಲಾಮಳಾಗಿದ್ದರೆ ಹುಟ್ಟುವ ಮಗುವೂ ಒಡೆಯನದೇ. ಅದೆಲ್ಲ ಕಾನೂನಿನಲ್ಲೇ ಇತ್ತು. ಅಮ್ಮ ಕೇಳಿಸಿಕೊಂಡಳು. ಆದರೆ ಆಮೇಲೂ ಜಿಮ್‌ನನ್ನು 'ಆ ಜೀತದವನು' ಅಂತಲೇ ಕರೆದಳು.

ಸಿನಿಮಾ ಮಕ್ಕಳಿಗೆ ತುಂಬಾ ಹಿಡಿಸಿತು. ಹಿಡಿಸುವಂತೆಯೇ ಮಾಡಿದ್ದಾರೆ. ಓಟ, ವೇಷ, ಅಡಗುವುದು, ಹಬೆ ಹಡಗು, ರಾತ್ರಿ ಹೊಳೆಯ ನೀರು. ತೆಪ್ಪ ಕಂಡಾಗ ಅಮ್ಮನೂ ಚಿಕ್ಕ ಹುಡುಗಿಯ ಹಾಗೆ ಮುಂದಕ್ಕೆ ಬಾಗಿ ಕೂತಳು. "ನಾವು ಬಾಳೆದಿಂಡು ಕಟ್ಟಿ ಕೆರೆಗೆ ಬಿಡ್ತಿದ್ವಿ" ಅಂದಳು. ಸಿನಿಮಾದ ನಡುವೆ ಜಿಮ್‌ನ ಬೆನ್ನಿನ ಮೇಲೆ ಚಾಟಿಯ ಗಾಯಗಳು ಕಾಣುತ್ತವೆ. ಆಗ ಮಗಳು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಲ್ಲಿಂದ ಮುಂದೆ ನಗು ಕಡಿಮೆಯಾಯಿತು. ಕೊನೆಗೆ ಜಿಮ್ ಸ್ವತಂತ್ರನಾದ. ಮಕ್ಕಳು ಚಪ್ಪಾಳೆ ತಟ್ಟಿದರು.

ಅಮ್ಮ ತಟ್ಟಲಿಲ್ಲ. "ಅವನ ಹೆಂಡತಿ ಮಕ್ಕಳು ಏನಾದ್ರೇ?" ಅಂತ ಕೇಳಿದಳು.

ಪರದೆಯ ಮೇಲೆ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದವು. ನನಗೆ ಉತ್ತರ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಓದಿದ್ದ ಕಾದಂಬರಿ ಅದು. ಪರೀಕ್ಷೆಗೆ ನೋಟ್ಸ್ ಕೂಡ ಬರೆದುಕೊಂಡಿದ್ದೆ. ಈ ಪ್ರಶ್ನೆ ಮಾತ್ರ ನನಗೆ ಒಂದು ಸಲವೂ ಹೊಳೆದಿರಲಿಲ್ಲ.

ಮಾರನೇ ದಿನವೇ ಲೈಬ್ರರಿಯಿಂದ ಪುಸ್ತಕ ತಂದೆ. ಅಡುಗೆ ಮಾಡುತ್ತಾ, ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿರುವಾಗ, ಅವಳಿಗೆ ಕತೆ ಹೇಳುತ್ತಾ ಇಡೀ ವಾರ ಓದಿದೆ. ಅಮೆರಿಕದಲ್ಲಿ ಈ ಪುಸ್ತಕ ಬಂದದ್ದು 1885ರಲ್ಲಿ. ಗುಲಾಮಗಿರಿ ಮುಗಿದು ಆಗಲೇ 20 ವರ್ಷ. ಆದರೆ ಕತೆ ನಡೆಯುವುದು ಅದು ಜೋರಾಗಿದ್ದ ಕಾಲದಲ್ಲಿ. ಒಡತಿ ತನ್ನನ್ನು ದಕ್ಷಿಣದ ನ್ಯೂ ಆರ್ಲಿಯನ್ಸ್‌ಗೆ ಮಾರುತ್ತಾಳೆ ಅನ್ನುವ ಮಾತು ಜಿಮ್ ಕಿವಿಗೆ ಬೀಳುತ್ತದೆ. ಬೆಲೆ 800 ಡಾಲರ್. ಅದಕ್ಕೇ ಓಡುತ್ತಾನೆ. ಅವನನ್ನು ಹಿಡಿದುಕೊಟ್ಟವರಿಗೆ 300 ಡಾಲರ್ ಬಹುಮಾನ. ಮುಂದೆ ಡ್ಯೂಕ್‌ನ ಜೊತೆಗಾರ, ಕಿಂಗ್ ಎಂಬ ಇನ್ನೊಬ್ಬ ಮೋಸಗಾರ, ಅವನನ್ನು ಬರೀ 40 ಡಾಲರ್‌ಗೆ ಬಿಟ್ಟುಕೊಡುತ್ತಾನೆ. ಒಬ್ಬನೇ ಮನುಷ್ಯನಿಗೆ ಮೂರು ರೇಟು.

ಹೆಂಡತಿ ಮಕ್ಕಳು ಪುಸ್ತಕದಲ್ಲಿ ಇದ್ದಾರೆ. ಜಿಮ್ ಬಾಯಲ್ಲಿ ಇದ್ದಾರೆ. ತೆಪ್ಪದ ಮೇಲೆ ಕೂತು ಅವನು ಲೆಕ್ಕ ಹಾಕುತ್ತಾನೆ. ಗುಲಾಮಗಿರಿ ಇಲ್ಲದ ಸ್ವತಂತ್ರ ರಾಜ್ಯ ಸೇರಿದ ಮೇಲೆ ಒಂದು ಸೆಂಟ್ ಕೂಡ ಖರ್ಚು ಮಾಡದೆ ದುಡ್ಡು ಕೂಡಿಡಬೇಕು. ಹೆಂಡತಿ ಬೇರೆ ಒಡೆಯನ ಹೊಲದಲ್ಲಿದ್ದಾಳೆ, ಅವಳನ್ನು ಕೊಂಡುಕೊಳ್ಳಬೇಕು. ಆಮೇಲೆ ಇಬ್ಬರೂ ದುಡಿದು ಎರಡು ಮಕ್ಕಳನ್ನು ಕೊಳ್ಳಬೇಕು. ಒಡೆಯ ಮಾರಲು ಒಪ್ಪದಿದ್ದರೆ ಯಾರನ್ನಾದರೂ ಹಿಡಿದು ಕದಿಸಬೇಕು. ಇದನ್ನು ಕೇಳಿ ಹಕ್‌ಗೆ ಗಾಬರಿ. ಆ ಮಕ್ಕಳು ತನಗೆ ಏನೂ ಕೆಡುಕು ಮಾಡದ ಒಬ್ಬ ಮನುಷ್ಯನ ಸೊತ್ತಲ್ಲವೇ, ಕದಿಯುವುದು ಪಾಪ ಅಲ್ಲವೇ, ಅಂದುಕೊಳ್ಳುತ್ತಾನೆ! ಒಳ್ಳೆಯ ಹುಡುಗ ಅವನು. ಹಾಗೆ ಯೋಚಿಸುವುದನ್ನೇ ಅವನಿಗೆ ಕಲಿಸಿರುವುದು.

ಇನ್ನೊಂದು ಕಡೆ ಜಿಮ್ ತನ್ನ ಮಗಳು ಎಲಿಜಬೆತ್ ಬಗ್ಗೆ ಹೇಳುತ್ತಾನೆ. ನಾಲ್ಕು ವರ್ಷದ ಮಗು. ಜ್ವರ ಬಂದು ವಾಸಿಯಾಗಿತ್ತು. ಬಾಗಿಲು ಹಾಕು ಅಂದರೆ ಹಾಕಲಿಲ್ಲ, ಸುಮ್ನೆ ನಗುತ್ತಾ ನಿಂತಿತ್ತು. ಸಿಟ್ಟು ಬಂದು ಹೊಡೆದ. ಆಮೇಲೆ ಗಾಳಿಗೆ ಬಾಗಿಲು ದಡಾರನೆ ಬಡಿಯಿತು. ಮಗು ಅಲುಗಲಿಲ್ಲ. ಜ್ವರದಲ್ಲಿ ಅದರ ಕಿವಿ ಹೋಗಿತ್ತು.

ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಅಮ್ಮ ಸೊಪ್ಪು ಅಲ್ಲೇ ಬಿಟ್ಟು ಎದ್ದು ಹೋಗಿ ನೀರು ಕುಡಿದು ಬಂದಳು.

ಕೊನೆಯ ಪುಟದವರೆಗೂ ಹುಡುಕಿದೆ. ಜಿಮ್‌ಗೆ ಬಿಡುಗಡೆ ಸಿಗುತ್ತದೆ. ಒಡತಿ ಸಾಯುವಾಗ ಉಯಿಲಿನಲ್ಲಿ ಬರೆದಿರುತ್ತಾಳೆ. ಹಕ್‌ನ ಗೆಳೆಯ ಟಾಮ್ ಸಾಯರ್‌ಗೆ ಅದು ಮೊದಲೇ ಗೊತ್ತಿದ್ದರೂ ಆಟಕ್ಕೆ ಅಂತ ಅವನನ್ನು ಕೂಡಿಹಾಕಿದ ಜಾಗದಲ್ಲೇ ಕಾಯಿಸುತ್ತಾನೆ. ಸಿನಿಮಾದವರು ಟಾಮ್‌ನನ್ನೇ ಕೈಬಿಟ್ಟಿದ್ದಾರೆ. ಒಳ್ಳೆಯದೇ ಮಾಡಿದರು ಅಂತ ನನಗೆ ಅನ್ನಿಸಿತು. ಆದರೆ ಹೆಂಡತಿ, ಎಲಿಜಬೆತ್, ಪುಟ್ಟ ಜಾನಿ ಏನಾದರು ಅನ್ನುವುದು ಪುಸ್ತಕದಲ್ಲೂ ಇಲ್ಲ. ಅಮ್ಮನಿಗೆ ಹಾಗೇ ಹೇಳಿದೆ.

"ಬರೆದವನು ಕೇಳಲೇ ಇಲ್ವಾ ಹಾಗಾದ್ರೆ" ಅಂದಳು.

ಶನಿವಾರ ಎಲ್ಲರೂ ಹ್ಯಾನಿಬಲ್‌ಗೆ ಹೊರಟೆವು. ಮಿಸೌರಿಯ ಆ ಪುಟ್ಟ ಊರು ನಮ್ಮಲ್ಲಿಂದ ಸುಮಾರು ಎರಡು ಗಂಟೆ ದಾರಿ. ನಾಲ್ಕು ವರ್ಷದವನಿದ್ದಾಗ ಬಂದು ಟ್ವೈನ್ ಬೆಳೆದದ್ದು ಅಲ್ಲೇ. ಕತೆಯಲ್ಲಿ ಅದಕ್ಕೆ ಬೇರೆ ಹೆಸರು ಕೊಟ್ಟಿದ್ದಾನೆ, ಅಷ್ಟೇ. ಅಮ್ಮ ಬೆಳಿಗ್ಗೆ ಐದಕ್ಕೇ ಎದ್ದು ಚಿತ್ರಾನ್ನ ಕಟ್ಟಿದ್ದಳು. ಮಕ್ಕಳು ಬಿಳಿ ಬೇಲಿಯ ಮುಂದೆ ಬ್ರಷ್ ಹಿಡಿದು ಫೋಟೋ ತೆಗೆಸಿಕೊಂಡರು. ಗುಡ್ಡದ ಬುಡದಲ್ಲಿ ಟಾಮ್ ಮತ್ತು ಹಕ್ ಪ್ರತಿಮೆ ಇದೆ, 1926ರದ್ದು. ಊರ ತುಂಬ ಅವರಿಬ್ಬರ ಹೆಸರೇ.

ಜಿಮ್‌ಗೆ ಇರುವುದು ಒಂದು ಚಿಕ್ಕ ಕಲ್ಲಿನ ಕಟ್ಟಡ. 'ಜಿಮ್ಸ್ ಜರ್ನಿ' ಅಂತ ಹೆಸರು. 2013ರಲ್ಲಿ ಶುರುವಾದದ್ದು. ಆ ಊರಿನ ಕಪ್ಪು ಜನರ ಬದುಕನ್ನು ಅಲ್ಲಿ ಕೂಡಿಟ್ಟಿದ್ದಾರೆ. ಜಿಮ್ ಪಾತ್ರಕ್ಕೆ ಮಾದರಿಯಾದ ಡೇನಿಯಲ್ ಕ್ವಾರ್ಲ್ಸ್ ಬಗ್ಗೆ ಅಲ್ಲಿ ಕೇಳಿದೆವು. ಟ್ವೈನ್‌ನ ಚಿಕ್ಕಪ್ಪನ ಹೊಲದಲ್ಲಿ ಗುಲಾಮನಾಗಿದ್ದವನು. ರಜೆಗೆ ಹೋದ ಹುಡುಗನಿಗೆ ಕತೆ ಹೇಳುತ್ತಿದ್ದವನು. ಅವನಿಗೆ ಬಿಡುಗಡೆ ಸಿಕ್ಕಿದ್ದು 1855ರಲ್ಲಿ. ಅಮ್ಮ ಅಲ್ಲಿ ಒಂದೊಂದು ಫೋಟೋದ ಮುಂದೆಯೂ ನಿಂತಳು. "ಇವರು ಯಾರು? ಇವರಿಗೆ ಏನಾಗಬೇಕು?" ಅಂತ ಕೇಳುತ್ತಾ ಹೋದಳು. ಗೋಡೆಯ ಮೇಲಿದ್ದಷ್ಟನ್ನು ನಾನು ಓದಿ ಹೇಳಿದೆ. ಇಡೀ ಪ್ರವಾಸದಲ್ಲಿ ಜಾಸ್ತಿ ಹೊತ್ತು ಕಳೆದದ್ದು ಆ ಚಿಕ್ಕ ಕಟ್ಟಡದಲ್ಲೇ.

ಮಧ್ಯಾಹ್ನ ನದಿ ದಡದಲ್ಲಿ ಕೂತು ಚಿತ್ರಾನ್ನ ತಿಂದೆವು. ಮಗ ಆಚೆ ದಡ ತೋರಿಸಿದ. "ಅಲ್ಲಿ ಕಾಣೋದು ಇಲಿನಾಯ್. ಅದು ಸ್ವತಂತ್ರ ರಾಜ್ಯ. ಸುಮ್ನೆ ಅಲ್ಲಿಗೆ ಈಜಿ ಹೋಗಬಹುದಿತ್ತಲ್ವಾ?"

ಒಳ್ಳೆಯ ಪ್ರಶ್ನೆ. ನಾನೂ ವಾರವೆಲ್ಲ ಅದನ್ನೇ ಓದಿದ್ದೆ. ಆಚೆ ದಡ ಸೇರಿದರೂ ಅವನು ಓಡಿಬಂದವನೇ. 1793ರ ಕಾನೂನಿನ ಪ್ರಕಾರ ಒಡೆಯನ ಕಡೆಯವರು ಅಲ್ಲಿಗೂ ಬಂದು ಹಿಡಿದುಕೊಂಡು ಹೋಗಬಹುದಿತ್ತು. ಬಹುಮಾನದ ಆಸೆಗೆ ಹಿಡಿಯುವವರಿಗೂ ಬರವಿರಲಿಲ್ಲ. ಅದಕ್ಕೇ ಅವರು ಕೆಳಗಿನ ಕೇರೋ ಊರಿನವರೆಗೆ ಹೋಗಬೇಕು ಅಂದುಕೊಂಡದ್ದು. ಅಲ್ಲಿ ಒಹಾಯೊ ನದಿ ಬಂದು ಸೇರುತ್ತದೆ. ಅಲ್ಲಿಂದ ಹಬೆ ಹಡಗು ಹತ್ತಿ ಒಹಾಯೊದಲ್ಲಿ ಮೇಲಕ್ಕೆ ಹೋದರೆ ದೂರದ ಸ್ವತಂತ್ರ ರಾಜ್ಯಗಳು. ಆದರೆ ಮಂಜಿನಲ್ಲಿ ಕೇರೋ ತಪ್ಪಿಹೋಯಿತು.

ತೆಪ್ಪಕ್ಕೆ ಹುಟ್ಟು ಇರಬಹುದು, ಆದರೆ ಅಂಥ ನದಿಯ ಎದುರಿಗೆ ಹೋಗುವ ಶಕ್ತಿ ಇಲ್ಲ. ನೀರು ಹೋದ ಕಡೆಗೇ ಹೋಗಬೇಕು. ನೀರು ಹೋಗುವುದು ದಕ್ಷಿಣಕ್ಕೆ. ಜಿಮ್ ಯಾವ ಕಡೆಗೆ ಮಾರಾಟವಾಗುತ್ತೇನೆ ಅಂತ ಹೆದರಿ ಓಡಿದ್ದನೋ, ತೆಪ್ಪ ಅದೇ ಕಡೆಗೆ ಅವನನ್ನು ದಿನಾ ಒಂದಿಷ್ಟು ಒಯ್ಯುತ್ತಿತ್ತು. ಸಿನಿಮಾ ನೋಡುವಾಗ ನದಿ ಎಷ್ಟು ಚೆಂದ ಅಂದುಕೊಂಡಿದ್ದೆ. ದಡದಲ್ಲಿ ಕೂತಾಗ ಅದು ಹರಿಯುವ ದಿಕ್ಕು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು.

ಅಮ್ಮ ಆಗ ಬಾಯಿಬಿಟ್ಟಳು. ನನಗೆ ಅದುವರೆಗೂ ಗೊತ್ತಿರದ ವಿಷಯ.

"ನನಗೆ ಈಜು ಕಲಿಸಿದವನೂ ಜೀತದವನೇ ಕಣೇ."

ಅವಳ ತವರಿನಲ್ಲಿ ಒಬ್ಬ ಇದ್ದನಂತೆ. ಅವನ ಅಪ್ಪ ಮದುವೆಗೆ ಅಂತ ನೂರಿಪ್ಪತ್ತು ರೂಪಾಯಿ ಸಾಲ ತೆಗೆದುಕೊಂಡಿದ್ದ. ಅದಕ್ಕೆ ಹುಡುಗನನ್ನು ಬಿಟ್ಟು ಹೋಗಿದ್ದ. ಹುಡುಗ ದನ ಕಾಯುತ್ತಾ ದೊಡ್ಡವನಾದ. ಅವನ ಊಟದ ತಟ್ಟೆ ಕೊಟ್ಟಿಗೆಯ ಗೂಡಿನಲ್ಲಿ ಇರುತ್ತಿತ್ತು. ಮನೆಯೊಳಗೆ ಬರುವ ಹಾಗಿರಲಿಲ್ಲ. ಅಮ್ಮನ ಬೆನ್ನಿಗೆ ಸೋರೆ ಬುರುಡೆ ಕಟ್ಟಿ ಕೆರೆಗೆ ಇಳಿಸಿದವನು ಅವನು. ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಕರೆದುಕೊಂಡು ಹೋಗುತ್ತಿದ್ದವನೂ ಅವನೇ. "ನಮ್ಮ ಆಟಕ್ಕೆಲ್ಲ ಅವನೇ ಇದ್ದ. ಕೇರಿಯಲ್ಲಿ ಅವನಿಗೂ ಹೆಂಡತಿ ಇದ್ದಳು. ಒಂದು ಹೆಣ್ಣು ಮಗು. ಹಬ್ಬದ ದಿನ ಹಿತ್ತಲ ಹತ್ರ ಬಂದು ನಿಂತ್ಕೊಳ್ಳೋದು. ನಾನು ಹೆಸರೂ ಕೇಳಲಿಲ್ಲ."

ಸಾಲ ತೀರಿತ್ತಾ ಅಂತ ಮಗ ಕೇಳಿದ.

"ಅದೆಲ್ಲಿ ತೀರುತ್ತೆ ಮಗ. ವರ್ಷಾ ವರ್ಷಾ ಇನ್ನಷ್ಟು ಬರೆದುಕೊಳ್ಳೋರು."

ಜೀತ ಪದ್ಧತಿ ರದ್ದು ಮಾಡುವ ಕಾನೂನು ಬಂದದ್ದು 1976ರಲ್ಲಿ. ಆಗ ಇಂದಿರಾ ಗಾಂಧಿ ಪ್ರಧಾನಿ, ನಮ್ಮಲ್ಲಿ ದೇವರಾಜ ಅರಸು ಮುಖ್ಯಮಂತ್ರಿ. ಅಮ್ಮನಿಗೆ ಅಷ್ಟರಲ್ಲಿ ಮದುವೆಯಾಗಿತ್ತು. ತವರಿಗೆ ಹೋದಾಗ ಕೊಟ್ಟಿಗೆಯ ಗೂಡು ಖಾಲಿ ಇತ್ತು. "ಬಿಟ್ಟು ಹೋದ" ಅಂತ ತಾತ ಹೇಳಿದರು. ಎಲ್ಲಿಗೆ ಅಂತ ಇವಳು ಕೇಳಲಿಲ್ಲ.

ನನಗೆ ಆಗ ಟ್ವೈನ್ ಮುಂಬೈಗೆ ಬಂದದ್ದು ನೆನಪಾಯಿತು. 1896ರ ಜನವರಿ. ಹೋಟೆಲಿನಲ್ಲಿ ಒಬ್ಬ ಜರ್ಮನ್, ಬಾಗಿಲ ಬಳಿ ಮೊಣಕಾಲೂರಿ ಕೆಲಸ ಮಾಡುತ್ತಿದ್ದ ನಮ್ಮ ದೇಶದ ಆಳಿನ ಕೆನ್ನೆಗೆ ಹೊಡೆದ. ಏನು ತಪ್ಪಾಯಿತು ಅಂತ ಹೇಳಿದ್ದು ಹೊಡೆದ ಮೇಲೆ. ಅದನ್ನು ನೋಡಿದ ಟ್ವೈನ್‌ಗೆ ಮಿಸೌರಿಯ ಬಾಲ್ಯ ಕಣ್ಣೆದುರು ಬಂತು. ಅವನು ಹತ್ತು ವರ್ಷದವನಿದ್ದಾಗ ಒಬ್ಬ ಬಿಳಿಯ ಸಿಟ್ಟಿನಲ್ಲಿ ಕಬ್ಬಿಣದ ಅದಿರಿನ ಗಟ್ಟಿ ಎಸೆದು ಒಬ್ಬ ಗುಲಾಮನನ್ನು ಕೊಂದದ್ದನ್ನು ಕಂಡಿದ್ದ. ಐವತ್ತು ವರ್ಷ ಮರೆತಿದ್ದದ್ದು ಒಂದು ಕೆನ್ನೆಯೇಟಿಗೆ ಎದ್ದು ಬಂತು. ಇದನ್ನು ಅಮ್ಮನಿಗೆ ಹೇಳಿದೆ. ಅವಳು ನದಿಯನ್ನೇ ನೋಡುತ್ತಿದ್ದಳು. ಮಗಳು ಅವಳ ತೊಡೆಯ ಮೇಲೆ ತಲೆ ಇಟ್ಟು ಮಲಗಿದ್ದಳು.

ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮನೆ ಸೇರಿದಾಗ ರಾತ್ರಿ ಒಂಬತ್ತು. ಊರಲ್ಲಿ ಬೆಳಿಗ್ಗೆ ಏಳೂವರೆ. ಅಮ್ಮ ಕಾಲು ತೊಳೆದುಕೊಂಡು ಬಂದವಳೇ, "ನಿಮ್ಮ ಮಾವನಿಗೆ ಫೋನ್ ಹಚ್ಚೇ" ಅಂದಳು.

ಮಾವ ತೋಟದಲ್ಲಿದ್ದರು. ಅಮ್ಮ ಕ್ಷೇಮ ಸಮಾಚಾರವನ್ನೂ ಕೇಳದೆ ನೇರ ಶುರು ಮಾಡಿದಳು. ನಮ್ಮನೇಲಿ ಇದ್ದನಲ್ಲ, ದನ ಕಾಯೋನು, ಅವನ ಮನೆಯವರು ಈಗ ಎಲ್ಲಿದ್ದಾರೆ? ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ತೆಂಗಿನ ಗರಿ ಎಳೆಯುವ ಸದ್ದು ಮಾತ್ರ ಕೇಳಿಸುತ್ತಿತ್ತು.

"ಅದ್ಯಾಕಕ್ಕ ಈಗ?" ಅಂದರು ಮಾವ.

"ಅವನ ಮಗಳ ಹೆಸರು ಏನು ಅಂತ ಕೇಳ್ಕೊಂಡು ಬಾ. ಕೇರೀಲಿ ವಯಸ್ಸಾದೋರು ಯಾರಾದ್ರೂ ಇರ್ತಾರೆ. ನೀನೇ ಹೋಗಿ ಕೇಳು, ಯಾರನ್ನೂ ಕಳಿಸಬೇಡ."

ಸಾಯಂಕಾಲ ಹೋಗ್ತೀನಿ ಅಂದರು ಮಾವ. ಅಮ್ಮ ಫೋನನ್ನು ನನಗೆ ವಾಪಸ್ ಕೊಡಲಿಲ್ಲ. ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು.