ಲ್ಯಾಕ್ಟೇಟ್ ಜಾಸ್ತಿ ಬಂತಾ? ಮೊದಲು ಟ್ಯೂಬ್ ನೋಡಿ

ಉನ್ಮಾದ (ಮಿತಿಮೀರಿದ ಉತ್ಸಾಹ) ಒಮ್ಮೆ, ಖಿನ್ನತೆ ಒಮ್ಮೆ ಕಾಡುವ ಬೈಪೋಲಾರ್ ಕಾಯಿಲೆಯ ಸಂಶೋಧನೆಗೆ ಬರುವ ರಕ್ತದ ಸ್ಯಾಂಪಲ್‌ಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಲ್ಯಾಬಿಗೆ ಹೊಸಬರು ಬಂದಾಗಲೆಲ್ಲ ಒಂದೇ ಪ್ರಶ್ನೆ: ಈ ಕಾಯಿಲೆ ರಕ್ತದಲ್ಲೇ ಗೊತ್ತಾಗುತ್ತಾ? ಸದ್ಯಕ್ಕಿಲ್ಲ. ಡಾಕ್ಟರು ರೋಗಿಯ ಜೊತೆ ಮಾತಾಡಿ, ನಿದ್ದೆ, ನಡವಳಿಕೆ ವಿಚಾರಿಸಿಯೇ ಹೇಳಬೇಕು.

ಹಾಗಂತ ಹುಡುಕಾಟ ಸುಮ್ನೆ ನಡೆಯುತ್ತಿಲ್ಲ. ಉನ್ಮಾದದಲ್ಲಿ ನಿದ್ದೆಯೇ ಬೇಡ, ಖಿನ್ನತೆಯಲ್ಲಿ ಹಾಸಿಗೆ ಬಿಟ್ಟು ಏಳಲೂ ತ್ರಾಣವಿಲ್ಲ. ಅದಕ್ಕೇ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಮೇಲೆ ಅನುಮಾನ. ಅದು ಸೋತರೆ ಗ್ಲೂಕೋಸ್ ಪೂರ್ತಿ ಉರಿಯದೆ ಲ್ಯಾಕ್ಟೇಟ್ ಆಗಿ ಉಳಿಯುತ್ತದೆ. ಕೆಲವು ಅಧ್ಯಯನಗಳಲ್ಲಿ ರೋಗಿಗಳ ಮೆದುಳಿನಲ್ಲಿ ಲ್ಯಾಕ್ಟೇಟ್ ಜಾಸ್ತಿ ಕಂಡಿದೆ.

ರಕ್ತದಲ್ಲಿ ಇದನ್ನೇ ಅಳೆಯಲು ಹೋದರೆ ತಲೆನೋವು ಶುರು. ಕೆಂಪು ರಕ್ತಕಣದಲ್ಲಿ ಮೈಟೊಕಾಂಡ್ರಿಯಾವೇ ಇಲ್ಲ. ಯಾವ ಕಾಯಿಲೆಯೂ ಇಲ್ಲದವರಲ್ಲೂ ಅದು ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತದೆ, ಟ್ಯೂಬ್ ಸೇರಿದ ಮೇಲೂ. ಅದನ್ನು ತಡೆಯಲೆಂದೇ ಫ್ಲೋರೈಡ್ ಇರುವ ಟ್ಯೂಬ್, ಐಸ್, ತಡಮಾಡದೆ ಸೆಂಟ್ರಿಫ್ಯೂಜ್ (ಗಿರಗಿರ ತಿರುಗಿಸಿ ರಕ್ತಕಣಗಳನ್ನು ಬೇರೆ ಮಾಡುವ ಯಂತ್ರ). ತೋಳಿಗೆ ಪಟ್ಟಿ ಬಿಗಿದು, ಮುಷ್ಟಿ ಹಿಡಿದು ಬಿಡಿ ಅಂದರೆ ಅಲ್ಲೂ ಏರಬಹುದು. ಮೆಟ್ಟಿಲು ಹತ್ತಿಕೊಂಡು ಬಂದವರನ್ನು ಸ್ವಲ್ಪ ಹೊತ್ತು ಕೂರಿಸಲೇಬೇಕು. ಉನ್ಮಾದದಲ್ಲಿರುವವರು ಕೂರಬೇಕಲ್ಲ!

ಇದಕ್ಕಿಂತ ನಾಜೂಕಾದದ್ದು ಮಾತ್ರೆಗಳ ವಿಷಯ. ಈ ಕಾಯಿಲೆಗೆ ಕೊಡುವ ಒಲಾಂಜಪೀನ್‌ನಂಥ ಔಷಧಿಯಿಂದ ತೂಕ ಏರುತ್ತದೆ. ಅದನ್ನು ತಡೆಯಲು ಕೆಲವರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್ಫಾರ್ಮಿನ್ ಕೊಡುತ್ತಾರೆ. ಮೆಟ್ಫಾರ್ಮಿನ್ ಲ್ಯಾಕ್ಟೇಟನ್ನು ಸ್ವಲ್ಪ ಏರಿಸಬಲ್ಲದು. ಹೋಲಿಕೆಗೆ ಕರೆಸಿದ ಆರೋಗ್ಯವಂತರು ಇವೆರಡನ್ನೂ ಮುಟ್ಟಿರುವುದಿಲ್ಲ. ಈಗ ಎರಡು ಗುಂಪಿನ ನಡುವೆ ವ್ಯತ್ಯಾಸ ಬಂದರೆ ಅದು ಕಾಯಿಲೆಯದ್ದೋ, ಮಾತ್ರೆಯದ್ದೋ? ಯಂತ್ರ ಎಷ್ಟೇ ದುಬಾರಿಯದ್ದಾದರೂ ಇದನ್ನು ಹೇಳುವುದಿಲ್ಲ. ಆದ್ದರಿಂದ ಸ್ಯಾಂಪಲ್ ಜೊತೆ ಮಾತ್ರೆಗಳ ಪಟ್ಟಿ, ರಕ್ತ ತೆಗೆದ ಸಮಯ, ಸೆಂಟ್ರಿಫ್ಯೂಜ್‌ಗೆ ಹಾಕಿದ ಸಮಯ ಮೂರನ್ನೂ ಕೇಳುತ್ತೇನೆ. ಕೆಲವರಿಗೆ ಇದು ಕಿರಿಕಿರಿ, ಗೊತ್ತು.

ಈ ಸಂಶೋಧನೆಯಲ್ಲಿ ಅಳೆಯುವ ಬಿಡಿಎನ್‌ಎಫ್ (ನರಕೋಶಗಳ ಬೆಳವಣಿಗೆಗೆ ನೆರವಾಗುವ ಪ್ರೋಟೀನ್) ವಿಷಯದಲ್ಲೂ ಇದೇ ಕಥೆ. ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ಅದನ್ನು ಹೊರಬಿಡುತ್ತವೆ. ಹಾಗಾಗಿ ಸೀರಂನ (ಹೆಪ್ಪುಗಟ್ಟಿದ ಮೇಲೆ ಸಿಗುವ ದ್ರವ) ಅಂಕಿಯನ್ನು ಪ್ಲಾಸ್ಮಾದ (ಹೆಪ್ಪುಗಟ್ಟಲು ಬಿಡದೆ ತೆಗೆದ ದ್ರವ) ಅಂಕಿಯ ಪಕ್ಕ ಇಡುವಂತೆಯೇ ಇಲ್ಲ.

ಇನ್ನು ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಇದರಿಂದ ಪ್ರಯೋಜನವಿದೆ ಎಂದು ವರದಿ ಮಾಡಿದರು. ಇಂದಿಗೂ ಇದು ಮುಖ್ಯ ಔಷಧಿ. ಕೊನೆಯ ಡೋಸ್ ಆಗಿ 12 ಗಂಟೆಯ ನಂತರ ರಕ್ತ ತೆಗೆದು ಮಟ್ಟ ನೋಡುತ್ತಾರೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಹಾಕಿರುವ ಟ್ಯೂಬಿಗೆ ತೆಗೆದರೆ ಮಾತ್ರೆಯನ್ನೇ ಕಾಣದವರ ರಕ್ತದಲ್ಲೂ ಲಿಥಿಯಂ ಸಿಗುತ್ತದೆ! ಸೋಡಿಯಂ ಹೆಪಾರಿನ್ ಟ್ಯೂಬಿಗೂ ಅದೇ ಹಸಿರು ಮುಚ್ಚಳ ಇರಬಹುದು. ಮುಚ್ಚಳದ ಬಣ್ಣ ನಂಬಬೇಡಿ, ಲೇಬಲ್ ಓದಿ.