ಹೆಸರು ಹಾಕುತ್ತೇವೆ, ಚಿತ್ರ ಕೊಡಿ

ಹಕ್ಕಿಗಳ ಚಿತ್ರ ತೆಗೆಯುವ ಹವ್ಯಾಸವಿದ್ದು, ತೆಗೆದದ್ದನ್ನು ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಹಂಚಿಕೊಳ್ಳುವವರಿಗೆ ಒಂದಲ್ಲ ಒಂದು ದಿನ ಇಂಥ ಕರೆ ಬಂದೇ ಬರುತ್ತದೆ. “ಸರ್, ನಿಮ್ಮ ನೀಲಕಂಠದ ಫೋಟೊ ನೋಡಿದೆ, ತುಂಬಾ ಚೆನ್ನಾಗಿದೆ. ನಮ್ಮ ವಿಶೇಷಾಂಕಕ್ಕೆ ಬೇಕಿತ್ತು. ದೊಡ್ಡ ಸೈಜ್ ಇದ್ದರೆ ಇವತ್ತೇ ಕಳಿಸಿಬಿಡಿ ಸರ್, ನಿಮ್ಮ ಹೆಸರು ಹಾಕ್ತೀವಿ.” ಕರೆ ಮಾಡಿದವರು ಬಹುಮಟ್ಟಿಗೆ ಒಳ್ಳೆಯವರೇ ಆಗಿರುತ್ತಾರೆ, ಪುಟವನ್ನು ಮುದ್ರಣಕ್ಕೆ ಕಳಿಸುವ ಗಡುವು ಅವರ ತಲೆಯ ಮೇಲಿರುತ್ತದೆ. ಚಿತ್ರ ತೆಗೆದವರಿಗೂ ಸಂತೋಷವಾಗುತ್ತದೆ, ಏಕೆಂದರೆ ಪತ್ರಿಕೆಯ ಕಾಗದದ ಮೇಲೆ ತಮ್ಮ ಚಿತ್ರವನ್ನು ನೋಡುವ ಆಸೆ ಪ್ರತಿಯೊಬ್ಬ ಹವ್ಯಾಸಿಗೂ ಇದ್ದೇ ಇರುತ್ತದೆ. ಹೀಗಾಗಿ ಸಂಭಾವನೆಯ ಮಾತೇ ಬರದೆ ಚಿತ್ರ ಹೊರಟುಹೋಗುತ್ತದೆ.

ಹವ್ಯಾಸಿಗಳು ಪ್ರಕಟಣೆಗೆ ಚಿತ್ರಗಳನ್ನು ಉಚಿತವಾಗಿ ಕೊಡಬಹುದೇ ಎಂದು ನನ್ನನ್ನು ಕೇಳುವ ಕಿರಿಯ ಗೆಳೆಯರಿಗೆ ನಾನು ಹೇಳುವುದಿಷ್ಟು: ಧಾರಾಳವಾಗಿ ಕೊಡಬಹುದು, ನಾನೂ ಕೊಡುತ್ತೇನೆ. ಆದರೆ ಆ ನಿರ್ಧಾರ ಚಿತ್ರ ತೆಗೆದವರ ಮನಸ್ಸಿನಿಂದ ಬರಬೇಕೇ ಹೊರತು ಕೇಳುವವರ ರೂಢಿಯಿಂದಲ್ಲ; ಹೆಸರು ಮುದ್ರಿಸುವುದನ್ನಂತೂ ಹಣದ ಬದಲಿಗೆ ಕೊಡುವ ಪ್ರತಿಫಲವೆಂದು ಎರಡೂ ಕಡೆಯವರು ತಿಳಿಯಬಾರದು.

ಎರಡನೆಯ ಮಾತಿಗೆ ಕಾನೂನಿನ ಬಲವಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 57ನೆಯ ಕಲಮಿನ ಪ್ರಕಾರ, ಕೃತಿಯ ಹಕ್ಕನ್ನು ಪೂರ್ತಿಯಾಗಿ ಮಾರಿಬಿಟ್ಟ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಕೃತಿಕಾರನಲ್ಲಿಯೇ ಉಳಿಯುತ್ತದೆ. ತನ್ನ ಗೌರವಕ್ಕೆ ಕುಂದು ಬರುವ ಹಾಗೆ ಯಾರಾದರೂ ಕೃತಿಯನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಅಧಿಕಾರವೂ ಅವನಿಗಿದೆ. ಅಂದರೆ ಚಿತ್ರದ ಕೆಳಗೆ ಬರಬೇಕಾದ ಹೆಸರು ಮೊದಲಿನಿಂದಲೂ ನಮ್ಮದೇ. ನಮ್ಮದೇ ಆದದ್ದನ್ನು ನಮಗೆ ಕೊಟ್ಟು ಲೆಕ್ಕ ಚುಕ್ತಾ ಆಯಿತು ಎನ್ನುವುದು ನ್ಯಾಯವಲ್ಲ. ಇಷ್ಟಾದರೂ ನಮ್ಮ ಕನ್ನಡದ ಪುರವಣಿಗಳಲ್ಲಿ ಇವತ್ತಿಗೂ “ಚಿತ್ರಕೃಪೆ: ಅಂತರ್ಜಾಲ” ಎಂಬ ಸಾಲನ್ನು ನೋಡಬೇಕಾಗಿದೆ. ಅಂತರ್ಜಾಲ ಯಾವ ಚಿತ್ರವನ್ನೂ ತೆಗೆಯುವುದಿಲ್ಲ. ನಸುಕಿನಲ್ಲೆದ್ದು ಕೆರೆಯ ಏರಿಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಆ ಚಿತ್ರವನ್ನು ತೆಗೆದ ವ್ಯಕ್ತಿ ಒಬ್ಬ ಎಲ್ಲೋ ಇದ್ದಾನೆ, ಅವನನ್ನು ಹುಡುಕುವ ಕೆಲಸವನ್ನು ಪುಟ ಕಟ್ಟಿದವರು ಮಾಡಿಲ್ಲ, ಅಷ್ಟೆ.

ಕರ್ನಾಟಕದಲ್ಲಿ ಹವ್ಯಾಸಿ ಎಂದರೆ ಎರಡನೆಯ ದರ್ಜೆಯವನಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಭಾರತೀಯ ಛಾಯಾಗ್ರಹಣ ಒಕ್ಕೂಟವನ್ನು 1953ರಲ್ಲಿ ಕಟ್ಟಲು ಮುಂದಾದ ಜಿ. ಥಾಮಸ್ ಬೆಂಗಳೂರಿನವರು. ಯೂತ್ ಫೋಟೊಗ್ರಾಫಿಕ್ ಸೊಸೈಟಿ 1971ರಿಂದ ಬೆಂಗಳೂರಿನಲ್ಲಿ ಹವ್ಯಾಸಿಗಳನ್ನು ಬೆಳೆಸುತ್ತ ಬಂದಿದೆ. ಸಂಡೂರಿನ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಪ್ಪುಬಿಳುಪಿನ ವನ್ಯಜೀವಿ ಚಿತ್ರಗಳಲ್ಲಿ ಅವರು ಮುಟ್ಟಿದ ಎತ್ತರವನ್ನು ವೃತ್ತಿಯವರೂ ಗೌರವಿಸಿದರು. ವನ್ಯಜೀವಿ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ ಅವರ ಬಳಿ ಕಲಿತವರು ಈಗಲೂ ನಮ್ಮ ನಡುವೆ ಕೆಲಸ ಮಾಡುತ್ತಿದ್ದಾರೆ. ಆ ಕಾಲದಲ್ಲಿ ಪತ್ರಿಕೆಗೆ ಚಿತ್ರ ಕಳಿಸುವುದೆಂದರೆ ಪ್ರಿಂಟನ್ನೋ ಪಾರದರ್ಶಿಕೆಯನ್ನೋ (ಸ್ಲೈಡ್) ರಟ್ಟಿನ ನಡುವೆ ಇಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳಿಸುವುದಾಗಿತ್ತು, ಕೆಲಸ ಮುಗಿದ ಮೇಲೆ ಅದು ಹಿಂತಿರುಗಬೇಕಾಗಿತ್ತು. ಮತ್ತೊಮ್ಮೆ ಬೇಕಾದರೆ ಮತ್ತೊಮ್ಮೆ ಕೇಳಲೇಬೇಕಾಗಿತ್ತು. ಈಗ ಕಳಿಸಿದ ಕಡತ ಹಿಂತಿರುಗುವುದಿಲ್ಲ. ಅದು ಕಚೇರಿಯ ಹಾರ್ಡ್‌ಡಿಸ್ಕ್‌ನಲ್ಲಿ ಉಳಿದು, ಕೇಳಿದವರು ಕೆಲಸ ಬಿಟ್ಟುಹೋದ ಮೇಲೂ, ಒಪ್ಪಂದವೇನಿತ್ತೆಂದು ತಿಳಿಯದವರ ಕೈಯಲ್ಲಿ ಮತ್ತೆ ಮತ್ತೆ ಬಳಕೆಯಾಗುತ್ತದೆ. ವಿಶೇಷಾಂಕಕ್ಕೆಂದು ಕೊಟ್ಟ ನನ್ನದೊಂದು ಚಿತ್ರ ಮುಂದೆ ಒಂದು ರೆಸಾರ್ಟಿನ ಕೈಪಿಡಿಯಲ್ಲಿ, ಹೆಸರೂ ಇಲ್ಲದೆ, ಸಫಾರಿಯ ದರಪಟ್ಟಿಯ ಪಕ್ಕದಲ್ಲಿ ಕಾಣಿಸಿಕೊಂಡಿತು. ಅದು ಅಲ್ಲಿಗೆ ಹೇಗೆ ತಲುಪಿತೆಂದು ಹೇಳಬಲ್ಲವರು ಎರಡೂ ಕಡೆ ಯಾರೂ ಸಿಗಲಿಲ್ಲ.

ಯಾರಿಗೆ ಉಚಿತವಾಗಿ ಕೊಡಬೇಕು ಎಂಬುದನ್ನು ತೀರ್ಮಾನಿಸಲು ನಾನು ಕೇಳಿಕೊಳ್ಳುವ ಪ್ರಶ್ನೆ ಸರಳವಾದದ್ದು. ಈ ಪ್ರಕಟಣೆಯಲ್ಲಿ ಬೇರೆ ಯಾರಿಗೆ ಹಣ ಸಲ್ಲುತ್ತಿದೆ? ಕಾಗದದವನಿಗೆ, ಮುದ್ರಕನಿಗೆ, ಪುಟವಿನ್ಯಾಸಕಾರನಿಗೆ, ಲೇಖಕನಿಗೆ, ಸಾಗಣೆಯವನಿಗೆ ಹಣ ಸಲ್ಲುತ್ತಿದ್ದು, ಚಿತ್ರ ತೆಗೆದವನಿಗೆ ಮಾತ್ರ ಇಲ್ಲವೆಂದಾದರೆ ಅಲ್ಲಿ ಹಣದ ಕೊರತೆಯಿಲ್ಲ, ಚಿತ್ರಕ್ಕೆ ಬೆಲೆಯಿದೆ ಎಂಬ ಭಾವನೆಯ ಕೊರತೆಯಿದೆ. ಸಂಪಾದಕರೇ ಕೈಯಿಂದ ಹಣ ಹಾಕಿ ತರುವ ಕಿರುಪತ್ರಿಕೆಗೆ, ಸರ್ಕಾರಿ ಶಾಲೆಯ ಗೋಡೆಗೆ, ಕೆರೆ ಉಳಿಸಲು ಓಡಾಡುವ ಊರಿನವರ ಕರಪತ್ರಕ್ಕೆ, ಕಾಡ್ಗಿಚ್ಚಿನ ಬಗ್ಗೆ ಅರಿವು ಮೂಡಿಸುವ ಭಿತ್ತಿಪತ್ರಕ್ಕೆ ಅವರು ಕೇಳುವ ಮೊದಲೇ ನಾನು ಕೊಡುತ್ತೇನೆ. ಕಂಪನಿಯ ಕ್ಯಾಲೆಂಡರಿಗೆ, ಹೋಟೆಲಿನ ಗೋಡೆಗೆ, ಮಾರಾಟಕ್ಕಿಡುವ ಪುಸ್ತಕದ ಮುಖಪುಟಕ್ಕೆ ಕೊಡುವುದಿಲ್ಲ, ಕೇಳಿದವರು ಪರಿಚಿತರಾದರೂ ಸರಿ. (ಗೂಡಿನಲ್ಲಿ ಮರಿಗಳಿರುವ ಹಕ್ಕಿಯ ಚಿತ್ರವನ್ನಂತೂ ಯಾವ ಬೆಲೆಗೂ ಯಾರಿಗೂ ಕೊಡುವುದಿಲ್ಲ, ಒಂದು ಪ್ರಕಟವಾದರೆ ಅಂಥದ್ದೇ ಬೇಕೆಂದು ಹತ್ತು ಜನ ಗೂಡು ಹುಡುಕಿ ಹೊರಡುತ್ತಾರೆ.)

ಹಣ ಬೇಡವೆನ್ನುವ ಸ್ಥಿತಿಯಲ್ಲಿ ನಾವಿದ್ದೇವೆ ಎಂಬುದು ನಮ್ಮ ಅದೃಷ್ಟ, ಆದರೆ ಅದರ ಭಾರ ಬೇರೆಯವರ ಮೇಲೆ ಬೀಳುತ್ತದೆ. ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಸಂಬಳ ಪಡೆಯುವ ಹವ್ಯಾಸಿ ಹಲವು ಲಕ್ಷದ ಲೆನ್ಸ್ ಕೊಂಡು, ರಜೆ ಹಾಕಿ, ಕಬಿನಿಗೆ ಹೋಗಿ ತೆಗೆದ ಚಿತ್ರವನ್ನು ಪುಕ್ಕಟೆಯಾಗಿ ಕೊಟ್ಟಾಗ, ಅದೇ ಊರಿನಲ್ಲಿ ಚಿತ್ರಕ್ಕಿಷ್ಟು ಎಂದು ಪಡೆದು ಮನೆ ನಡೆಸುವ ಛಾಯಾಗ್ರಾಹಕನಿಗೆ ಸಂಪಾದಕರು ಹೇಳುವ ದರ ಸೊನ್ನೆಯ ಕಡೆಗೆ ಜಾರುತ್ತದೆ. ಚಿತ್ರಕ್ಕೆ ವಿಶೇಷ ಪರಿಣತಿ ಬೇಕಿಲ್ಲವೆಂಬ ಭಾವನೆ ಎಲ್ಲಿಗೆ ಕೊಂಡೊಯ್ಯಬಲ್ಲದೆಂಬುದನ್ನು ಅಮೆರಿಕದ ‘ಶಿಕಾಗೊ ಸನ್-ಟೈಮ್ಸ್’ ಪತ್ರಿಕೆ 2013ರ ಮೇ ತಿಂಗಳಲ್ಲಿ ತೋರಿಸಿತು: ಅದು ತನ್ನ 28 ಛಾಯಾಗ್ರಾಹಕರನ್ನೂ ಒಮ್ಮೆಲೇ ಮನೆಗೆ ಕಳಿಸಿ, ವರದಿಗಾರರಿಗೆ ಮೊಬೈಲಿನಲ್ಲಿ ಚಿತ್ರ ತೆಗೆಯುವ ತರಬೇತಿ ಕೊಟ್ಟಿತು. ಹಾಗೆ ಹೊರಬಿದ್ದವರಲ್ಲಿ ಪುಲಿಟ್ಜರ್ ಪುರಸ್ಕೃತ ಜಾನ್ ಎಚ್. ವೈಟ್ ಕೂಡ ಇದ್ದರು. ಅದು ಹವ್ಯಾಸಿಗಳಿಂದಾದ ಅನಾಹುತವೆಂದು ನಾನು ಹೇಳುತ್ತಿಲ್ಲ; ಪತ್ರಿಕೋದ್ಯಮದ ವರಮಾನ ಕುಸಿದದ್ದು ಅದರ ಹಿಂದಿತ್ತು. ಆದರೂ ಚಿತ್ರ ಎಲ್ಲಿಂದಲೋ ಹೇಗೋ ಸಿಕ್ಕೀತು ಎಂಬ ಭರವಸೆಯಿಲ್ಲದೆ ಯಾವ ಪತ್ರಿಕೆಯೂ ಅಂಥ ಹೆಜ್ಜೆ ಇಡುವುದಿಲ್ಲ. ಆ ಭರವಸೆಯನ್ನು ಕೊಡುವವರು ನಾವಾಗಬಾರದು.

ಓದುಗರಿಗಾಗುವ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಭಾವನೆ ಕೊಟ್ಟು ಪಡೆದ ಚಿತ್ರದೊಡನೆ ಅದನ್ನು ತೆಗೆದವನ ತಿಳಿವಳಿಕೆಯೂ ಬರುತ್ತದೆ: ಯಾವ ಹಕ್ಕಿ, ಗಂಡೋ ಹೆಣ್ಣೋ, ಎಲ್ಲಿ, ಯಾವ ತಿಂಗಳು. ಎಲ್ಲಿಂದಲೋ ಎತ್ತಿಕೊಂಡ ಚಿತ್ರದೊಡನೆ ಇದಾವುದೂ ಬರುವುದಿಲ್ಲ. ನೀಲಕಂಠ ನಮ್ಮ ರಾಜ್ಯಪಕ್ಷಿ. ಆದರೂ ಅದರ ಬಗ್ಗೆ ಬರೆದ ಲೇಖನಕ್ಕೆ ಮಿಂಚುಳ್ಳಿಯ ಚಿತ್ರ ಹಾಕಿರುವುದನ್ನು ನಾನು ನೋಡಿದ್ದೇನೆ. ಎರಡರಲ್ಲೂ ನೀಲಿಯಿದೆ, ನಿಜ. ಆದರೆ ಮಿಂಚುಳ್ಳಿಯ ಕೊಕ್ಕು ನೀಳವಾಗಿ ಭರ್ಜಿಯ ಹಾಗೆ ನೇರವಾಗಿರುತ್ತದೆ. ನೀಲಕಂಠದ ಕೊಕ್ಕು ಕಪ್ಪು, ದಪ್ಪ, ಗಿಡ್ಡ, ಎದೆ ಕಂದು. ಅದು ಹೊಲದಂಚಿನ ವಿದ್ಯುತ್ ತಂತಿಯ ಮೇಲೆ ಕುಳಿತಿದ್ದಾಗ ಮಂಕಾಗಿ ಕಾಣುತ್ತದೆ, ಹಾರಿದಾಗಲೇ ರೆಕ್ಕೆಯ ಎರಡು ಬಗೆಯ ನೀಲಿಯ ಪಟ್ಟಿಗಳು ತೆರೆದುಕೊಳ್ಳುತ್ತವೆ. ಚಿತ್ರ ತೆಗೆದವರಿಗೆ ಒಂದು ಕರೆ ಮಾಡಿದ್ದರೆ ಈ ತಪ್ಪು ಮಕ್ಕಳ ಪುಟಕ್ಕೆ ಹೋಗುತ್ತಿರಲಿಲ್ಲ.

ಕಾನೂನು ಹವ್ಯಾಸಿಯ ಕೈಗೆ ಎಷ್ಟು ಕೊಟ್ಟಿದೆ ಎಂಬುದು ಬಹಳ ಹವ್ಯಾಸಿಗಳಿಗೆ ಗೊತ್ತಿಲ್ಲ. ಮದುವೆಯ ಚಿತ್ರದಂತೆ ಯಾರಾದರೂ ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ. ಆದರೆ ಯಾರೂ ಹೇಳದೆ, ತನ್ನ ಖುಷಿಗೆ ತೆಗೆದ ಚಿತ್ರದ ಹಕ್ಕು ಪೂರ್ತಿಯಾಗಿ ತೆಗೆದವನದೇ. 2012ರ ತಿದ್ದುಪಡಿಯ ಮೇಲೆ ಅದು ಅವನ ಜೀವಿತಾವಧಿಗೂ ಅನಂತರದ 60 ವರ್ಷಗಳಿಗೂ ಇರುತ್ತದೆ. ಹಕ್ಕನ್ನು ಬಿಟ್ಟುಕೊಡುವುದು ಬರವಣಿಗೆಯಲ್ಲಿಯೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ವ್ಯಾಪ್ತಿ ಬರೆಯದಿದ್ದರೆ ಭಾರತವೆಂದೂ ಕಾಯ್ದೆಯೇ ಹೇಳುತ್ತದೆ. “ಫೋನಿನಲ್ಲಿ ಹೂಂ ಅಂದಿದ್ದಿರಲ್ಲ” ಎಂಬ ಮಾತು ಶಾಶ್ವತ ಪರವಾನಗಿಯಾಗುವುದಿಲ್ಲ.

ಇಡೀ ಜಗತ್ತಿಗೆ ಚಿತ್ರಗಳನ್ನು ಬಿಟ್ಟುಕೊಡುವ ದಾರಿಯೂ ಇದೆ, ಅದು ನನಗೆ ಪ್ರಿಯವಾದ ದಾರಿ. ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಜಾಲಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿದ ಚಿತ್ರ ಕನ್ನಡ ವಿಕಿಪೀಡಿಯದ ಪುಟವನ್ನೂ ಸೇರುತ್ತದೆ, ಹಳ್ಳಿಯ ಶಾಲೆಯ ಹುಡುಗಿಯೊಬ್ಬಳ ಯೋಜನಾ ವರದಿಯನ್ನೂ ಸೇರುತ್ತದೆ. ಆದರೆ ಅಲ್ಲಿನ ನಿಯಮದ ಪ್ರಕಾರ ವಾಣಿಜ್ಯ ಬಳಕೆಗೂ ಅನುಮತಿ ಕೊಡಲೇಬೇಕೆಂಬುದನ್ನು ಅರಿತು ಹಾಕಬೇಕು. 2014ರಲ್ಲಿ ಫ್ಲಿಕರ್ ತಾಣ ತನ್ನಲ್ಲಿದ್ದ ಇಂಥ ಮುಕ್ತ ಪರವಾನಗಿಯ ಚಿತ್ರಗಳನ್ನು ಕ್ಯಾನ್ವಾಸಿನ ಮೇಲೆ ಅಚ್ಚು ಹಾಕಿಸಿ, ತೆಗೆದವರಿಗೆ ಏನೂ ಕೊಡದೆ, ಮಾರತೊಡಗಿತು. ಪರವಾನಗಿಯಂತೆ ಅದು ಸರಿಯೇ ಆಗಿದ್ದರೂ ಸದಸ್ಯರು ಸಿಟ್ಟಾದ್ದರಿಂದ ಕೆಲವೇ ವಾರಗಳಲ್ಲಿ ನಿಲ್ಲಿಸಬೇಕಾಯಿತು. ಅಮೆರಿಕದ ಛಾಯಾಗ್ರಾಹಕಿ ಕ್ಯಾರಲ್ ಹೈಸ್ಮಿತ್ ತಮ್ಮ ಸಾವಿರಾರು ಚಿತ್ರಗಳನ್ನು ಸಾರ್ವಜನಿಕರ ಬಳಕೆಗೆಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟವರು. ಅವರದೇ ಚಿತ್ರವನ್ನು ಅವರದೇ ಸಂಸ್ಥೆಯ ಜಾಲತಾಣದಲ್ಲಿ ಬಳಸಿದ್ದಕ್ಕೆ 120 ಡಾಲರ್ ಕಟ್ಟಿ ಎಂದು ಚಿತ್ರ ಮಾರುವ ಕಂಪನಿಯ ಪರವಾಗಿ ಅವರಿಗೆ ಪತ್ರ ಬಂತು. 2016ರಲ್ಲಿ ಅವರು ಮೊಕದ್ದಮೆ ಹೂಡಿದರು, ಆದರೆ ಅವರ ಮುಖ್ಯ ವಾದಗಳನ್ನು ನ್ಯಾಯಾಲಯ ತಳ್ಳಿಹಾಕಿತು. ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟರೆ ಆ ಚಿತ್ರವನ್ನು ಮಾರುವ ಸ್ವಾತಂತ್ರ್ಯವನ್ನೂ ಬೇರೆಯವರಿಗೆ ಕೊಟ್ಟಂತಾಗುತ್ತದೆ. ಇದನ್ನೆಲ್ಲ ತಿಳಿದ ಮೇಲೂ ನಾನು ಕಾಮನ್ಸ್‌ಗೆ ಚಿತ್ರಗಳನ್ನು ಹಾಕುತ್ತಲೇ ಇದ್ದೇನೆ, ಹೆಸರು ಹೇಳಲೇಬೇಕು ಎಂಬ ಷರತ್ತಿನ ಪರವಾನಗಿಯಲ್ಲಿ; ಆದರೆ ಮನುಷ್ಯರ ಮುಖವಿರುವ ಒಂದನ್ನೂ ಹಾಕುವುದಿಲ್ಲ. ಸಂತೆಯಲ್ಲಿ ಕುಳಿತ ಅಜ್ಜಿ ನನ್ನ ಕ್ಯಾಮೆರಾಕ್ಕೆ ನಕ್ಕಳೇ ಹೊರತು ಯಾವುದೋ ಎಣ್ಣೆಯ ಜಾಹೀರಾತಿಗೆ ಒಪ್ಪಿಗೆ ಕೊಟ್ಟಿಲ್ಲ.

ಛಾಯಾಚಿತ್ರ ಸ್ಪರ್ಧೆಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. “ಬಂದ ಎಲ್ಲ ಚಿತ್ರಗಳನ್ನೂ ಯಾವುದೇ ಮಾಧ್ಯಮದಲ್ಲಿ ಶಾಶ್ವತವಾಗಿ ಬಳಸುವ ಹಕ್ಕು ಆಯೋಜಕರದು” ಎಂಬ ಸಾಲು ನಿಯಮಾವಳಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಗೆದ್ದವರ ಚಿತ್ರಗಳ ಮಟ್ಟಿಗಾದರೆ ಒಪ್ಪಬಹುದು. ಸೋತ ನೂರಾರು ಮಂದಿಯ ಚಿತ್ರಗಳನ್ನೂ ಉಳಿಸಿಕೊಳ್ಳುವುದಾದರೆ ಅದು ಬಹುಮಾನದ ಹೆಸರಿನಲ್ಲಿ ಅಗ್ಗದ ಚಿತ್ರಭಂಡಾರ ಕಟ್ಟುವ ಕೆಲಸ, ಅಂಥ ಸ್ಪರ್ಧೆಗೆ ಚಿತ್ರ ಕಳಿಸಬಾರದು.

ಕೇಳಿದವರಿಗೆ ನಾನು ಈಗ ಒಂದೇ ಬಗೆಯ ಇಮೇಲ್ ಬರೆಯುತ್ತೇನೆ. “ಈ ಒಂದು ಚಿತ್ರವನ್ನು, ಈ ಸಂಚಿಕೆಯಲ್ಲಿ, ಒಂದು ಬಾರಿ ಮುದ್ರಿಸಲು ಅನುಮತಿ ಇದೆ. ಹೆಸರು ಚಿತ್ರದ ಪಕ್ಕದಲ್ಲಿಯೇ ಇರಬೇಕು. ಬೇರೆ ಬಳಕೆಗೆ ಮತ್ತೆ ಕೇಳಬೇಕು. ಚಿತ್ರವನ್ನು ಮೂರನೆಯವರಿಗೆ ಕೊಡುವಂತಿಲ್ಲ. ಪ್ರಕಟವಾದ ಸಂಚಿಕೆಯ ಒಂದು ಪ್ರತಿಯನ್ನು ಕಳಿಸಿಕೊಡಬೇಕು.” ಸಂಭಾವನೆಯ ಸಾಲಿನಲ್ಲಿ ಮೊತ್ತ ಬರೆಯುತ್ತೇನೆ, ಉಚಿತವಾಗಿ ಕೊಡುವಾಗ ಮೊತ್ತವನ್ನೂ ಬರೆದು, ಈ ಬಾರಿ ಅದನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಸೇರಿಸುತ್ತೇನೆ. ಚಿತ್ರಕ್ಕೆ ಬೆಲೆಯಿತ್ತೆಂಬುದು ಹಾಗೆ ಮಾಡಿದರೆ ದಾಖಲೆಯಲ್ಲಿ ಉಳಿಯುತ್ತದೆ, ಮುಂದಿನ ಬಾರಿ ಇನ್ನೊಬ್ಬರು ಕೇಳಿದಾಗ ಅವರಿಗೆ ಅದು ಆಧಾರವಾಗುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಿಲ್ಲ: ಅಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುವುದಷ್ಟೇ ಅಲ್ಲ, ಕಡತದೊಳಗೆ ಬರೆದಿಟ್ಟ ಹೆಸರು, ದಿನಾಂಕ ಎಲ್ಲವೂ ಅಳಿಸಿಹೋಗುತ್ತವೆ. ಕಡತದ ಹೆಸರಿನಲ್ಲಿಯೇ ನನ್ನ ಹೆಸರೂ ಹಕ್ಕಿಯ ಹೆಸರೂ ಇರುತ್ತವೆ. ಎಂಟು ಅಂಗುಲದ ಅಗಲದಲ್ಲಿ ಚೊಕ್ಕವಾಗಿ ಮುದ್ರಿಸಲು 2,400 ಪಿಕ್ಸೆಲ್ ಸಾಕು. ಕಾಲು ಪುಟದ ಚಿತ್ರಕ್ಕೆ ಮೂಲ ಕಡತವನ್ನೇ ಕೊಡುವ ಅಗತ್ಯವಿಲ್ಲ.

ಮೊತ್ತ ಎಷ್ಟಿರಬೇಕೆಂಬ ಬಗ್ಗೆ ನನಗೆ ಹಟವಿಲ್ಲ. ಕನ್ನಡದ ಪತ್ರಿಕೆಗಳ ಆರ್ಥಿಕ ಸ್ಥಿತಿ ನನಗೆ ತಿಳಿಯದ್ದಲ್ಲ, ಸಣ್ಣ ಗೌರವಧನವನ್ನೂ ನಾನು ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ: ಚಿತ್ರ ಕೇಳುವ ಮೊದಲ ಕರೆಯಲ್ಲಿಯೇ ಎಷ್ಟು ಕೊಡಬಲ್ಲೆವೆಂದು ಹೇಳಿಬಿಡಿ, ಕೊಡಲಾಗದಿದ್ದರೆ ಕೊಡಲಾಗದೆಂದೇ ಹೇಳಿ. ಹಾಗೆ ಕೇಳಿದವರಿಗೆ ನಾನು ಇಲ್ಲವೆಂದದ್ದು ಬಹಳ ಕಡಿಮೆ.